ಬೇಕಾದ ಆಪರೇಷನ್ ಸಿಗಲ್ಲ, ಬೇಡದ ಆಪರೇಷನ್ ತಪ್ಪಲ್ಲ: ಐರಣಿ ಕಡೆಯಿಂದ ನೋಡಿದಾಗ ಕಾಣುವ ಶಸ್ತ್ರಚಿಕಿತ್ಸೆಯ ರಾಜಕಾರಣ

ರಾಣೆಬೆನ್ನೂರು ತಾಲೂಕಿನ ಐರಣಿ ತುಂಗಭದ್ರೆಯ ದಂಡೆಯ ಊರು. ಹಳೇ ಕೋಟೆ ಇದೆ, ಹೊಳೆ ಇದೆ, ಹೊಳೆಯಾಚೆ ದಾವಣಗೆರೆ ಜಿಲ್ಲೆ. ಈ ಸೀಮೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಲ್ಪಿಸಿಕೊಳ್ಳಿ.

ಮೊದಲನೆಯವಳಿಗೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು. ಕೂಸು ಅಡ್ಡ ತಿರುಗಿದೆ. ಆಶಾ ಕಾರ್ಯಕರ್ತೆ 108ಕ್ಕೆ ಫೋನ್ ಮಾಡ್ತಾಳೆ, ಗಾಡಿ ಬರುತ್ತೆ, ತಾಲೂಕು ಆಸ್ಪತ್ರೆಗೆ ಮುಟ್ಟುತ್ತೆ. ಹೆರಿಗೆ ಡಾಕ್ಟರ್ ಇದ್ದಾರೆ, ಆದರೆ ಅವತ್ತು ಅರಿವಳಿಕೆ ಕೊಡುವವರಿಲ್ಲ ಅಂದುಕೊಳ್ಳಿ. ಆಗ ಕೇಳಿಬರುವ ಮಾತು ಒಂದೇ: "ಇಲ್ಲಿ ಆಗಂಗಿಲ್ಲರೀ, ದಾವಣಗೆರಿಗೆ ಒಯ್ರಿ."

ಎರಡನೆಯವಳು ತಾಂಡಾದವಳು. ವಯಸ್ಸು 32, ಮೂರು ಮಕ್ಕಳು, ಸಂತಾನಹರಣ ಆಗಿ ವರ್ಷಗಳಾಗಿವೆ. ಬಿಳಿಸೆರಗು, ಸೊಂಟನೋವು, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ ಅಂತ ತೋರಿಸೋಕೆ ಹೋಗ್ತಾಳೆ. ಒಂದು ಸ್ಕ್ಯಾನಿಂಗ್, ಒಂದು ನೋಟ, ಆಮೇಲೆ ಮಾತು: "ಚೀಲದಾಗ ಗಡ್ಡಿ ಐತಿ. ಹಿಂಗ ಬಿಟ್ರ ಕ್ಯಾನ್ಸರ್ ಆಕ್ಕೈತಿ. ಮಕ್ಕಳು ಆಗ್ಯಾವಲ್ಲ, ತಗಸಿಬಿಡು." ಅವಳು ಹೆಬ್ಬೆಟ್ಟು ಒತ್ತುತ್ತಾಳೆ.

ಮೊದಲನೆಯವಳಿಗೆ ಜೀವ ಉಳಿಸುವ ಆಪರೇಷನ್ ಸಿಗಲಿಲ್ಲ. ಎರಡನೆಯವಳಿಗೆ ಬೇಡವಾಗಿದ್ದಿರಬಹುದಾದ ಆಪರೇಷನ್ ಸಲೀಸಾಗಿ ಸಿಕ್ಕಿತು. ಇವು ಬೇರೆ ಬೇರೆ ಸಮಸ್ಯೆ ಅಂತ ನಾವು ಅಂದುಕೊಂಡಿದ್ದೀವಿ. ಒಂದಕ್ಕೆ "ಸೌಲಭ್ಯದ ಕೊರತೆ" ಅಂತೀವಿ, ಇನ್ನೊಂದಕ್ಕೆ "ಡಾಕ್ಟರ ಅಕ್ರಮ" ಅಂತೀವಿ. ನಿಜಕ್ಕೂ ಇವೆರಡರ ಬೇರು ಒಂದೇ. ಅದು ಹೇಗೆ ಅನ್ನೋದನ್ನು ಬಿಡಿಸಿ ಹೇಳೋದು ಈ ಬರಹದ ಕೆಲಸ.

ಒಂದು ಆಪರೇಷನ್‌ಗೆ ಏನೇನು ಬೇಕು?

ಸಿನಿಮಾದಲ್ಲಿ ಆಪರೇಷನ್ ಅಂದರೆ ಒಬ್ಬ ಡಾಕ್ಟರ್, ಒಂದು ಚಾಕು, ಹೊರಗೆ ಕೆಂಪು ದೀಪ. ವಾಸ್ತವದಲ್ಲಿ ಅದು ಒಂದು ಸರಪಳಿ. ಸರ್ಜನ್ ಬೇಕು, ಅರಿವಳಿಕೆ ತಜ್ಞ ಬೇಕು, ತರಬೇತಿ ಇರುವ ನರ್ಸ್ ಬೇಕು. ರಕ್ತ, ಆಮ್ಲಜನಕ, ಕೈಕೊಡದ ಕರೆಂಟು, ಉಪಕರಣ ಶುದ್ಧ ಮಾಡುವ ಯಂತ್ರ, ನಂಬಬಹುದಾದ ಔಷಧಿ ಬೇಕು. ಆಪರೇಷನ್ ಆದ ಮೇಲೆ ರಾತ್ರಿಯಿಡೀ ನೋಡಿಕೊಳ್ಳುವವರು ಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದ ಎಂಟು ಇದ್ದು ಉಪಯೋಗವಿಲ್ಲ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ಒಂದು ಲೆಕ್ಕ ಕೊಟ್ಟಿತು. ಜಗತ್ತಿನ 500 ಕೋಟಿ ಜನರಿಗೆ ಬೇಕಾದಾಗ, ಸುರಕ್ಷಿತವಾದ, ಕೈಗೆಟುಕುವ ದರದ ಶಸ್ತ್ರಚಿಕಿತ್ಸೆ ಸಿಗುವುದಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ವರ್ಷಕ್ಕೆ ಇನ್ನೂ 14.3 ಕೋಟಿ ಆಪರೇಷನ್‌ಗಳು ಆಗಬೇಕಿದೆ. ಒಂದು ಆಸ್ಪತ್ರೆ ನಿಜವಾಗಿ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷಿಸಲು ಆಯೋಗ ಮೂರು ಆಪರೇಷನ್‌ಗಳನ್ನು ಅಳತೆಗೋಲಾಗಿ ಇಟ್ಟಿತು: ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ತುರ್ತು ಶಸ್ತ್ರಚಿಕಿತ್ಸೆ, ಮತ್ತು ಮೂಳೆ ಮುರಿದು ಹೊರಬಂದ ಗಾಯಕ್ಕೆ ಚಿಕಿತ್ಸೆ. ಈ ಮೂರನ್ನೂ ಮಾಡುವ ಆಸ್ಪತ್ರೆ ಕನಿಷ್ಠ ಶೇ. 80 ಜನರಿಗೆ ಎರಡು ಗಂಟೆಯೊಳಗೆ ಸಿಗಬೇಕು ಅಂತ ಹೇಳಿತು. ಅದೇ ವರ್ಷ ವಿಶ್ವ ಆರೋಗ್ಯ ಸಭೆಯೂ ತುರ್ತು ಮತ್ತು ಅಗತ್ಯ ಶಸ್ತ್ರಚಿಕಿತ್ಸೆ ಎಲ್ಲರಿಗೂ ಸಿಗಬೇಕಾದ ಆರೋಗ್ಯ ಸೇವೆಯ ಭಾಗ ಅಂತ ನಿರ್ಣಯ ಮಾಡಿತು.

ನಕ್ಷೆ ನೋಡಿದರೆ ಐರಣಿ ಈ ಎರಡು ಗಂಟೆಯ ಗೆರೆಯೊಳಗೇ ಬರುತ್ತೆ. ರಾಣೆಬೆನ್ನೂರು ಹತ್ತಿರ, ಅಲ್ಲಿಂದ ಹಾವೇರಿ ಒಂದು ದಿಕ್ಕಿಗೆ, ದಾವಣಗೆರೆ ಇನ್ನೊಂದು ದಿಕ್ಕಿಗೆ, ನಡುವೆ ಹೆದ್ದಾರಿ. ಆದರೆ ಎರಡು ಗಂಟೆಯ ಲೆಕ್ಕ ರಸ್ತೆಯದ್ದಲ್ಲ, ಸರಪಳಿಯದ್ದು. ತಾಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಅಂತ "ಬರೆದು ಕಳಿಸಿದಾಗಲೆಲ್ಲ" ಗಡಿಯಾರ ಓಡುತ್ತಲೇ ಇರುತ್ತೆ. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ, ಅಲ್ಲಿಗೊಂದು ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿದ್ದು 2022ರಲ್ಲಿ. ನಡುವಿನ 25 ವರ್ಷ ಜಿಲ್ಲೆಯ ದೊಡ್ಡ ಕಾಯಿಲೆಗಳೆಲ್ಲ ಹೆದ್ದಾರಿ ಹತ್ತಿ ಬೇರೆ ಜಿಲ್ಲೆಗೆ ಹೋದವು.

ರಕ್ತದ ಒಂದು ಕಥೆ

ಒಳ್ಳೆಯ ಕಾನೂನು ಕೂಡ ಹಳ್ಳಿ ಆಸ್ಪತ್ರೆಯ ಕೈ ಕಟ್ಟಿಹಾಕಬಹುದು ಅನ್ನೋದಕ್ಕೆ ರಕ್ತದ ಉದಾಹರಣೆ ನೋಡಿ. 1996ರಲ್ಲಿ ಸುಪ್ರೀಂ ಕೋರ್ಟ್ ದುಡ್ಡಿಗೆ ರಕ್ತ ಮಾರುವುದನ್ನು ನಿಲ್ಲಿಸಲು, ಲೈಸೆನ್ಸ್ ಇಲ್ಲದ ರಕ್ತನಿಧಿಗಳನ್ನು ಮುಚ್ಚಲು ಆದೇಶಿಸಿತು. ಎಚ್‌ಐವಿ ಭಯದ ಆ ಕಾಲದಲ್ಲಿ ಅದು ಸರಿಯಾದ ಹೆಜ್ಜೆಯೇ. ಆದರೆ ಆಮೇಲೆ ಬಂದ ಬಿಗಿ ನಿಯಮಗಳಲ್ಲಿ, ಹಳ್ಳಿ ಸರ್ಜನ್‌ಗಳು ತುರ್ತಿನಲ್ಲಿ ಸಂಬಂಧಿಕರ ರಕ್ತ ಪರೀಕ್ಷಿಸಿ ಅಲ್ಲೇ ಕೊಡುತ್ತಿದ್ದ ಪದ್ಧತಿ ಕಾನೂನುಬಾಹಿರವಾಯಿತು. ದೊಡ್ಡ ರಕ್ತನಿಧಿ ನಡೆಸುವ ಶಕ್ತಿ ಸಣ್ಣ ಆಸ್ಪತ್ರೆಗೆ ಇಲ್ಲ. ಭಾರತದ ಗ್ರಾಮೀಣ ಸರ್ಜನ್‌ಗಳ ಸಂಘ ಇದರ ವಿರುದ್ಧ ವರ್ಷಗಟ್ಟಲೆ ಮಾತಾಡಿತು. ಕೊನೆಗೆ ರಕ್ತನಿಧಿಯಿಂದ ರಕ್ತ ತಂದು ಫ್ರಿಜ್‌ನಲ್ಲಿಟ್ಟುಕೊಳ್ಳುವ "ರಕ್ತ ಶೇಖರಣಾ ಘಟಕ"ಗಳಿಗೆ ದಾರಿ ಮಾಡಿಕೊಡಲಾಯಿತು. ಇವತ್ತು ಸರ್ಕಾರಿ ಲೆಕ್ಕದಲ್ಲಿ ಒಂದು ಆಸ್ಪತ್ರೆ ತುರ್ತು ಹೆರಿಗೆ ನಿಭಾಯಿಸುವ ಕೇಂದ್ರ ಅನ್ನಿಸಿಕೊಳ್ಳಬೇಕಾದರೆ 24 ಗಂಟೆ ಸಿಸೇರಿಯನ್, ನವಜಾತ ಶಿಶು ಆರೈಕೆ ಮತ್ತು ಈ ರಕ್ತ ಶೇಖರಣೆ ಮೂರೂ ಇರಲೇಬೇಕು. ಗೋಡೆ ಮೇಲೆ ಬೋರ್ಡ್ ಇದೆಯಾ ಅನ್ನೋದು ಮುಖ್ಯ ಅಲ್ಲ. ಫ್ರಿಜ್ ತೆರೆದರೆ ರಕ್ತ ಇದೆಯಾ ಅನ್ನೋದು ಮುಖ್ಯ.

ರಾಣೆಬೆನ್ನೂರಿನ 1,522

ಈಗ ಎರಡನೆಯ ಹೆಣ್ಣುಮಗಳ ಕಡೆಗೆ ಬರೋಣ. ಅವಳು ಪೂರ್ತಿ ಕಲ್ಪನೆಯಲ್ಲ.

2010ರಿಂದ 2017ರ ನಡುವೆ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 1,522 ಹೆಣ್ಣುಮಕ್ಕಳ ಗರ್ಭಕೋಶ ತೆಗೆಯಲಾಗಿದೆ, ಅದರಲ್ಲಿ ಬಹಳಷ್ಟು ಅನಗತ್ಯವಾಗಿತ್ತು ಅನ್ನೋದು ಚಳವಳಿಗಾರರು ಮುಂದಿಟ್ಟ ಆರೋಪ. ಈ ಸಂಖ್ಯೆ ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಬಂದಿದೆ. ದನಿ ಎತ್ತಿದವರಲ್ಲಿ ಹೆಚ್ಚಿನವರು ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು. ಕರ್ನಾಟಕ ಜನಾರೋಗ್ಯ ಚಳವಳಿ ಅವರ ಜೊತೆ ನಿಂತಿತು. ವರ್ಷಗಟ್ಟಲೆ ಮನವಿ, ಧರಣಿ. 2022ರ ನವೆಂಬರ್‌ನಲ್ಲಿ ಪರಿಹಾರ ಕೇಳಿ ರಾಣೆಬೆನ್ನೂರಿನಿಂದ ಆಗಿನ ಮುಖ್ಯಮಂತ್ರಿಯ ಕ್ಷೇತ್ರ ಶಿಗ್ಗಾವಿ ಕಡೆಗೆ ಪಾದಯಾತ್ರೆಯನ್ನೂ ಹೊರಟರು. ಗರ್ಭಕೋಶ ಕಳೆದುಕೊಂಡು ಭಾರ ಎತ್ತಲಾಗದ, ನಿಂತರೆ ಸೊಂಟ ಹಿಡಿಯುವ ಹೆಣ್ಣುಮಕ್ಕಳು ತಮ್ಮ ಮಾತು ಕೇಳಿಸಲು ಹೆದ್ದಾರಿಯಲ್ಲಿ ನಡೆಯಬೇಕಾಗಿ ಬಂತು ಅನ್ನೋದನ್ನು ಒಂದು ಕ್ಷಣ ಯೋಚಿಸಿ.

ಇದು ರಾಣೆಬೆನ್ನೂರಿಗೆ ಮಾತ್ರ ಸೀಮಿತವಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ಖಾಸಗಿ ಆಸ್ಪತ್ರೆಗಳಲ್ಲಿ ಇದೇ ಬಗೆಯ ದೂರುಗಳು ಎದ್ದವು. ಅಲ್ಲಿ ಬಂದ ಸಂಖ್ಯೆ 2,258. ಅಲ್ಲೂ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳೇ ಹೆಚ್ಚು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಿಂದಲೂ ಇದೇ ಕಥೆ ಬಂತು. ಅಂದರೆ ಇದು ಖಾಸಗಿ–ಸರ್ಕಾರಿ ಅನ್ನೋ ಸರಳ ಜಗಳವೂ ಅಲ್ಲ. ಕಲಬುರಗಿಯಲ್ಲಿ ದೂರು ಖಾಸಗಿ ಆಸ್ಪತ್ರೆಗಳ ಮೇಲೆ, ರಾಣೆಬೆನ್ನೂರಲ್ಲಿ ಸರ್ಕಾರಿ ಆಸ್ಪತ್ರೆಯ ಮೇಲೆ.

ಇಲ್ಲೊಂದು ಪ್ರಶ್ನೆ ಏಳಬೇಕು, ಏಳದಿದ್ದರೆ ನಾವು ನ್ಯಾಯವಾಗಿ ಯೋಚಿಸ್ತಿಲ್ಲ ಅಂತ ಅರ್ಥ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ತಪ್ಪು ಸಾಬೀತಾಯ್ತಾ? ಸುತ್ತಲಿನ ನೂರಾರು ಹಳ್ಳಿಗೆ ಒಂದೇ ಸರ್ಕಾರಿ ಆಸ್ಪತ್ರೆ ಇದ್ದರೆ ಅಲ್ಲಿ ಸಂಖ್ಯೆ ಹೆಚ್ಚಾಗೋದು ಸಹಜ ಅಲ್ವಾ? ಹೌದು, ಸಂಖ್ಯೆಯೊಂದೇ ಏನನ್ನೂ ಸಾಬೀತು ಮಾಡಲ್ಲ. ಹಾಗಾಗಿಯೇ ವೈದ್ಯಶಾಸ್ತ್ರ ಒಂದು ಸರಳ ಪರೀಕ್ಷೆ ಇಟ್ಟಿದೆ. ತೆಗೆದ ಗರ್ಭಕೋಶವನ್ನು ಪ್ರಯೋಗಾಲಯಕ್ಕೆ ಕಳಿಸಿ, ಅದರಲ್ಲಿ ನಿಜಕ್ಕೂ ಕಾಯಿಲೆ ಇತ್ತಾ ಅಂತ ನೋಡಬೇಕು. ಆ ವರದಿ ಕೇಸ್ ಹಾಳೆಯಲ್ಲಿ ಇರಬೇಕು. ಆಪರೇಷನ್‌ಗೆ ಮುಂಚೆ ಬೇರೆ ಏನು ಚಿಕಿತ್ಸೆ ಕೊಟ್ಟಿದ್ದರು, ಎಷ್ಟು ತಿಂಗಳು ಕೊಟ್ಟಿದ್ದರು ಅನ್ನೋದೂ ಇರಬೇಕು. ಇವು ಇದ್ದರೆ ಡಾಕ್ಟರಿಗೆ ರಕ್ಷಣೆ, ಇಲ್ಲದಿದ್ದರೆ ಹೆಣ್ಣುಮಗಳ ಆರೋಪಕ್ಕೆ ಬಲ. ಯಾವ ದಾಖಲೆಯೂ ಇಲ್ಲದಾಗ ಉಳಿಯೋದು ಎರಡು ಕಡೆಯ ಮಾತು ಮಾತ್ರ. ಆಗ ಯಾರ ಮಾತಿಗೆ ತೂಕ ಬೀಳುತ್ತೆ ಅಂತ ನಿಮಗೆ ಗೊತ್ತು.

ಚೀಲ ತೆಗೆಯೋದು ಯಾವಾಗ ಸರಿ?

ಕ್ಯಾನ್ಸರ್ ಇದ್ದರೆ, ಗಡ್ಡೆ ದೊಡ್ಡದಾಗಿ ಔಷಧಿಗೆ ಬಗ್ಗದ ರಕ್ತಸ್ರಾವ ಇದ್ದರೆ, ಗರ್ಭಕೋಶ ಜಾರಿ ಹೊರಬರುತ್ತಿದ್ದರೆ, ಹೆರಿಗೆಯ ನಂತರ ರಕ್ತ ನಿಲ್ಲದೇ ಜೀವಕ್ಕೆ ಕುತ್ತು ಬಂದರೆ ಗರ್ಭಕೋಶ ತೆಗೆಯುವುದು ಸರಿಯಾದ ಚಿಕಿತ್ಸೆ. ಎಷ್ಟೋ ಜೀವ ಉಳಿಸಿರುವ ಆಪರೇಷನ್ ಅದು.

ಆದರೆ ಬಿಳಿಸೆರಗಿಗೆ ಬಹುಪಾಲು ಮಾತ್ರೆ ಸಾಕು. ರಕ್ತಸ್ರಾವಕ್ಕೆ ಮೊದಲು ಔಷಧಿ, ಹಾರ್ಮೋನ್ ಮಾತ್ರೆ, ಹಾರ್ಮೋನ್ ಇರುವ ವಂಕಿ ಇವೆ. ಸಣ್ಣ ಗಡ್ಡೆ ಅನೇಕ ಹೆಣ್ಣುಮಕ್ಕಳಲ್ಲಿ ಇರುತ್ತೆ. ತೊಂದರೆ ಕೊಡದಿದ್ದರೆ ಸುಮ್ಮನೆ ಬಿಡಬಹುದು, ಅಂಥ ಗಡ್ಡೆ ಕ್ಯಾನ್ಸರ್ ಆಗೋದು ಬಹಳ ಅಪರೂಪ. ಗರ್ಭಕೊರಳಿನ ಕ್ಯಾನ್ಸರ್ ಭಯ ಇದ್ದರೆ ಅದಕ್ಕೂ ಅಗ್ಗದ ತಪಾಸಣೆ ಇದೆ: ಗರ್ಭಕೊರಳಿಗೆ ತಿಳಿ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಬಣ್ಣ ಬದಲಾಗುತ್ತಾ ಅಂತ ಬರಿಗಣ್ಣಲ್ಲಿ ನೋಡೋದು. ತರಬೇತಿ ಪಡೆದ ನರ್ಸ್ ಕೂಡ ಮಾಡಬಹುದು.

ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರಿಗೆ ಬರುವ ತೊಂದರೆಗಳೆಲ್ಲ 30ರ ಹರೆಯದಲ್ಲೇ ಬರುತ್ತವೆ. ಮೂಳೆ ಸವೆತ, ಹೃದಯದ ತೊಂದರೆ, ಮೈ ಬಿಸಿಯೇರುವುದು, ನಿದ್ದೆಗೇಡು. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ವಯಸ್ಸು ಬೇಗ ಬರುವ ಸಾಧ್ಯತೆ ಹೆಚ್ಚು. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಕಾಯಿಲೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಆಯುವ, ಬೇರೆ ಜಿಲ್ಲೆಗೆ ದುಡಿಯೋಕೆ ಹೋಗುವ ಹೆಣ್ಣುಮಗಳಿಗೆ ಇದು ಕೂಲಿ ನಷ್ಟ.

ಹಾಗಾದರೆ ಬೇರು ಯಾವುದು?

ಸರಪಳಿಯ ಮಾತಿಗೆ ವಾಪಸ್ ಬರೋಣ. ತಾಂಡಾದ ಹೆಣ್ಣುಮಗಳಿಗೆ ಆಪರೇಷನ್‌ಗೆ ಮುಂಚೆ ಸಿಗಬೇಕಾದದ್ದು ಏನು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುಜುಗರವಿಲ್ಲದೆ ಹೇಳಿಕೊಳ್ಳಬಹುದಾದ ಒಬ್ಬ ವೈದ್ಯೆ, ಒಂದು ತಪಾಸಣೆ, ಮೂರು ತಿಂಗಳ ಔಷಧಿ, ಮತ್ತೆ ಬಂದು ತೋರಿಸುವ ಅವಕಾಶ, ಎರಡನೇ ಅಭಿಪ್ರಾಯ. ಇದ್ಯಾವುದೂ ಇಲ್ಲದಾಗ ಆಪರೇಷನ್ ಒಂದೇ ಕಣ್ಣಿಗೆ ಕಾಣೋದು. ಅದು ಒಂದೇ ಸಲಕ್ಕೆ ಮುಗಿಯುತ್ತೆ, ಮತ್ತೆ ಮತ್ತೆ ಕೂಲಿ ಬಿಟ್ಟು ಬರಬೇಕಿಲ್ಲ. ಹಾಗಾಗಿ ಎಷ್ಟೋ ಸಲ ಹೆಣ್ಣುಮಕ್ಕಳೇ "ತೆಗೆದುಬಿಡ್ರಿ" ಅನ್ನುತ್ತಾರೆ. ಅದನ್ನು ತೋರಿಸಿ "ಅವರೇ ಕೇಳಿದ್ದು" ಅನ್ನೋದು ಸುಲಭ. ಬೇರೆ ದಾರಿಯೇ ತೋರಿಸದೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲಾಗದು.

ದುಡ್ಡಿನ ದಾರಿಯೂ ಹೀಗೇ ಇದೆ. ಯಶಸ್ವಿನಿ 2003ರಲ್ಲಿ ಬಂತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಬಂದು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅಂದಿತು. ಈ ಯೋಜನೆಗಳಿಂದ ಹೃದಯ, ಮೂತ್ರಪಿಂಡದ ಆಪರೇಷನ್ ಆಗಿ ಬದುಕಿದ ಬಡವರು ಲೆಕ್ಕವಿಲ್ಲದಷ್ಟಿದ್ದಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಇಂಥ ಯೋಜನೆಗಳ ಮೂಲ ರಚನೆ "ಪ್ಯಾಕೇಜ್". ಚೀಲ ತೆಗೆದರೆ ಬಿಲ್ ಆಗುತ್ತೆ. ಅರ್ಧ ಗಂಟೆ ಕೂತು "ತೆಗೆಸಬೇಡ, ಮಾತ್ರೆ ತಗೊಂಡು ನೋಡೋಣ" ಅಂತ ತಿಳಿಹೇಳಿದರೆ ಯಾವ ಬಿಲ್ಲೂ ಆಗಲ್ಲ.

ಶಿಬಿರಗಳು ಕಲಿಸಿದ ಪಾಠ

ಕೊರತೆ ಇರುವಲ್ಲಿ ಶಸ್ತ್ರಚಿಕಿತ್ಸೆ ಮಾಡೋದು ಹೇಗೆ ಅನ್ನೋದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲೇ ದೊಡ್ಡ ಹೆಸರಿದೆ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲೇ ಕಣ್ಣಿನ ಪೊರೆ ಆಪರೇಷನ್ ಮಾಡಿದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಜನರಿಗೆ ಪೊರೆ ತೆಗೆದದ್ದು ಅವರ ಹೆಸರಲ್ಲಿರುವ ದಾಖಲೆ. ಆಸ್ಪತ್ರೆಯ ಮೆಟ್ಟಿಲು ಹತ್ತದ ಮುದುಕ ಮುದುಕಿಯರಿಗೆ ಕಣ್ಣು ಕೊಟ್ಟ ಕೆಲಸ ಅದು. ಇವತ್ತಿಗೂ ನಮ್ಮ ಕಡೆ ಹಿರಿಯರು ಆ ಹೆಸರನ್ನು ಕೈಮುಗಿದೇ ಹೇಳ್ತಾರೆ.

ಆದರೆ ಶಿಬಿರ ಅನ್ನೋ ಮಾದರಿ ಒಬ್ಬ ನಿಷ್ಠಾವಂತನ ಕೈಯಿಂದ "ಟಾರ್ಗೆಟ್" ಕೈಗೆ ಹೋದಾಗ ಏನಾಯಿತು? 1986ರಲ್ಲಿ ಉತ್ತರ ಪ್ರದೇಶದ ಖುರ್ಜಾ ಕಣ್ಣಿನ ಶಿಬಿರದಲ್ಲಿ 84 ಮಂದಿಗೆ ಆಪರೇಷನ್ ಆದ ಕಣ್ಣು ಶಾಶ್ವತವಾಗಿ ಹಾಳಾಯಿತು. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರದಲ್ಲಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಸಂತಾನಹರಣ ಮಾಡಲಾಯಿತು. ಆ ವಾರದ ಶಿಬಿರಗಳಲ್ಲಿ ಆಪರೇಷನ್ ಆದವರಲ್ಲಿ 13 ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಂತಾನಹರಣ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸುವಂತೆ ಹೇಳಿತು. ನಮ್ಮ ಹತ್ತಿರದ ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಮೇಲೆ. ಸರಪಳಿಯಲ್ಲಿ ಎಲ್ಲಕ್ಕಿಂತ ಅಗ್ಗದ ಕೊಂಡಿ ಅದು.

ಕಡಿಮೆ ದುಡ್ಡಿನಲ್ಲಿ ಆಪರೇಷನ್ ಮಾಡೋದೇ ತಪ್ಪು ಅಂತ ಇದರರ್ಥ ಅಲ್ಲ. ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ತೋಂಗಾಂವಕರ್ ದುಬಾರಿ ಜಾಲರಿಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧ ಮಾಡಿ ಹರ್ನಿಯಾ ಆಪರೇಷನ್‌ಗೆ ಬಳಸಿ ತೋರಿಸಿದರು. ಆಮೇಲೆ ಆಫ್ರಿಕಾದ ದೇಶಗಳೂ ಅದನ್ನು ಬಳಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಹಾಳೆಯ ಸುರಕ್ಷತಾ ಪಟ್ಟಿ, ಅಂದರೆ ಕೊಯ್ಯುವ ಮೊದಲು ಹೆಸರು, ಆಪರೇಷನ್, ರಕ್ತ, ಅಲರ್ಜಿ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳೋದು, ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣವನ್ನು ಶೇ. 1.5ರಿಂದ 0.8ಕ್ಕೆ ಇಳಿಸಿತು ಅಂತ 2009ರ ಅಧ್ಯಯನ ಹೇಳಿತು. ಖರ್ಚು ಒಂದು ಹಾಳೆ ಕಾಗದ. ಅಂದರೆ ಬಟ್ಟೆ, ಯಂತ್ರ, ಕಟ್ಟಡದಲ್ಲಿ ಉಳಿತಾಯ ಮಾಡಬಹುದು. ಶುದ್ಧತೆ, ದಾಖಲೆ, ಒಪ್ಪಿಗೆಯಲ್ಲಿ ಉಳಿತಾಯ ಮಾಡುವ ಹಾಗಿಲ್ಲ.

ಯುದ್ಧದ ಡೇರೆಗೆ ಇರುವ ನಿಯಮ ನಮಗ್ಯಾಕಿಲ್ಲ?

2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಜಗತ್ತಿನ ಎಲ್ಲೆಡೆಯಿಂದ ವೈದ್ಯರ ತಂಡಗಳು ಓಡಿಬಂದವು. ಸದುದ್ದೇಶ ಇತ್ತು. ಆದರೆ ಯಾರ ಕೈಕಾಲು ಯಾಕೆ ಕತ್ತರಿಸಿದರು ಅನ್ನೋದಕ್ಕೆ ಎಷ್ಟೋ ಕಡೆ ಸರಿಯಾದ ದಾಖಲೆಯೇ ಇರಲಿಲ್ಲ, ಆಮೇಲೆ ನೋಡಿಕೊಳ್ಳುವವರೂ ಇರಲಿಲ್ಲ. ಆ ಕಹಿಯಿಂದ ಕಲಿತು 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಂದಾಳತ್ವದಲ್ಲಿ ವಿಪತ್ತಿನ ವೈದ್ಯಕೀಯ ತಂಡಗಳಿಗೆ ಕನಿಷ್ಠ ಮಾನದಂಡ ಬಂತು. ಆಪರೇಷನ್ ಮಾಡುವ ತಂಡ ದಿನಕ್ಕೆ ಕನಿಷ್ಠ 7 ದೊಡ್ಡ ಅಥವಾ 15 ಸಣ್ಣ ಆಪರೇಷನ್ ಮಾಡಲು ಸಜ್ಜಾಗಿರಬೇಕು, ರೋಗಿಯ ದಾಖಲೆ ಇಡಬೇಕು, ದಾಖಲೆಯ ಪ್ರತಿ ರೋಗಿಗೂ ಸಿಗಬೇಕು.

ಇನ್ನೊಂದು ವಿಷಯ. ಯುದ್ಧ ಪ್ರದೇಶದ ಆಪರೇಷನ್ ಅಂದರೆ ಗುಂಡೇಟು, ಬಾಂಬ್ ಗಾಯ ಅಂತ ನಮಗೆ ಅನ್ಸುತ್ತೆ. ಆದರೆ ಗಡಿಗಳಿಲ್ಲದ ವೈದ್ಯರಂಥ ಸಂಸ್ಥೆಗಳ ಆಪರೇಷನ್ ಕೋಣೆಯಲ್ಲಿ ದೊಡ್ಡ ಪಾಲು ಸಿಸೇರಿಯನ್‌ಗಳದ್ದು. ಸಂಕಷ್ಟದ ಕಾಲದಲ್ಲೂ ಹೆರಿಗೆ ನಿಲ್ಲಲ್ಲ. 2009 ಮತ್ತು 2019ರ ನೆರೆಯಲ್ಲಿ ಉತ್ತರ ಕರ್ನಾಟಕ ಇದನ್ನು ಕಂಡಿದೆ. ಹೊಳೆ ಏರಿ ರಸ್ತೆ ಕಟ್ಟಾದ ದಿನ "ದಾವಣಗೆರಿಗೆ ಒಯ್ರಿ" ಅನ್ನೋ ಮಾತಿಗೆ ಅರ್ಥವೇ ಇರಲ್ಲ. ನೆರೆ ಬಂದಾಗ ಯಾವ ಆಸ್ಪತ್ರೆ ಎಷ್ಟು ಕೆಲಸ ಮಾಡುತ್ತೆ ಅನ್ನೋದು, ನೆರೆ ಇಲ್ಲದ ಮಂಗಳವಾರ ರಾತ್ರಿ ಅದು ಎಷ್ಟು ಕೆಲಸ ಮಾಡುತ್ತಿತ್ತು ಅನ್ನೋದರ ಮೇಲೆ ನಿಂತಿದೆ.

ಭೂಕಂಪದ ಡೇರೆಯಲ್ಲೇ ದಾಖಲೆ ಬೇಕು ಅಂತ ಜಗತ್ತು ಒಪ್ಪಿದ ಮೇಲೆ, ಕರೆಂಟು, ಕಟ್ಟಡ, ಸಂಬಳ ಎಲ್ಲ ಇರುವ ತಾಲೂಕು ಆಸ್ಪತ್ರೆಗೆ ವಿನಾಯಿತಿ ಯಾಕೆ?

ಈಗ ಕೇಳಬೇಕಾದದ್ದು

2023ರ ಏಪ್ರಿಲ್‌ನಲ್ಲಿ ಡಾ. ನರೇಂದ್ರ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ರೂಪಿಸಿದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡುವಂತೆ ಎಲ್ಲ ರಾಜ್ಯಗಳಿಗೆ ಹೇಳಿತು. ಅದರ ಪ್ರಕಾರ ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿಗಳಿರಬೇಕು, ಚಿಕ್ಕ ವಯಸ್ಸಿನವರ ಪ್ರಕರಣಗಳ ಮೇಲೆ ವಿಶೇಷ ಕಣ್ಣಿರಬೇಕು. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಕೆಪಿಎಂಇ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಕಾಗದದ ಮೇಲೆ ಇದೆಲ್ಲ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗ ಹುಡುಗಿಯರು ಮಾಡಬಹುದಾದ ಕೆಲಸ ಇಲ್ಲಿಂದ ಶುರು. ಹತ್ತು ರೂಪಾಯಿಯ ಒಂದು ಆರ್‌ಟಿಐ ಅರ್ಜಿ, ಉತ್ತರಕ್ಕೆ 30 ದಿನ. ಐದು ಪ್ರಶ್ನೆ ಸಾಕು:

ಒಂದು, ಕಳೆದ ವರ್ಷ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲದ ರಾತ್ರಿಗಳು ಎಷ್ಟು?

ಎರಡು, ಹೆರಿಗೆಗೆ ಬಂದು ಬೇರೆ ಊರಿಗೆ ಬರೆದು ಕಳಿಸಿದವರು ಎಷ್ಟು ಜನ, ಕಾರಣ ಏನು?

ಮೂರು, ರಕ್ತ ಶೇಖರಣಾ ಘಟಕದಲ್ಲಿ ರಕ್ತ ಇಲ್ಲದ ದಿನಗಳು ಎಷ್ಟು?

ನಾಲ್ಕು, 40 ವರ್ಷದೊಳಗಿನ ಎಷ್ಟು ಹೆಣ್ಣುಮಕ್ಕಳ ಗರ್ಭಕೋಶ ತೆಗೆಯಲಾಯಿತು, ಎಷ್ಟರ ಪ್ರಯೋಗಾಲಯ ವರದಿ ಇದೆ?

ಐದು, ಜಿಲ್ಲಾ ನಿಗಾ ಸಮಿತಿ ಕೊನೆಯ ಸಭೆ ಸೇರಿದ್ದು ಯಾವತ್ತು?

ಮೊದಲ ಮೂರು ಪ್ರಶ್ನೆ ಹೆರಿಗೆ ನೋವಿನ ಹೆಣ್ಣುಮಗಳ ಪರವಾಗಿ, ಕೊನೆಯ ಎರಡು ತಾಂಡಾದ ಹೆಣ್ಣುಮಗಳ ಪರವಾಗಿ. ಯಾರ ಹೆಸರೂ ಕೇಳುವುದು ಬೇಡ, ಸಂಖ್ಯೆ ಮಾತ್ರ ಸಾಕು. ಮನೆಯಲ್ಲಿ ಅವ್ವನಿಗೋ ಚಿಗವ್ವನಿಗೋ ಯಾರಾದರೂ "ಚೀಲ ತೆಗೆಸು" ಅಂದಿದ್ದರೆ, ಅರ್ಜಿ ಬರೆಯೋಕೆ ಮುಂಚೆ ಅವರ ಜೊತೆ ಕೂತು ಕೇಳಿ: ಮೊದಲು ಔಷಧಿ ಕೊಟ್ಟಿದ್ದರಾ? ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ರಾ? ರಿಪೋರ್ಟ್ ಕೈಗೆ ಕೊಟ್ಟಿದ್ದಾರಾ? ಎಷ್ಟೋ ಮನೆಗಳಲ್ಲಿ ಈ ಮಾತು ಗಂಡುಮಕ್ಕಳ ಮುಂದೆ ಬಂದೇ ಇಲ್ಲ. ಅದು ಬರಬೇಕು.